ಮೆಣಸು ಹುಡುಕಿ ಹೊರಟವರ ಭಾಷೆ



ಸ್ಪ್ಯಾನಿಷ್ ಯಾವ ದೇಶದ ಭಾಷೆ ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ಥಟ್ಟನೆ ಸ್ಪೇನ್ ಎನ್ನುವಿರಿ. ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಸ್ಪೇನ್ ಈ ಭಾಷೆಯ ತವರುಮನೆ. ಅಲ್ಲಿನ ಜನಸಂಖ್ಯೆ ಸುಮಾರು 5 ಕೋಟಿ. ಸ್ಪ್ಯಾನಿಷನ್ನು ತಾಯ್ನುಡಿಯಾಗಿ ಆಡುವವರಾದರೋ ಜಗತ್ತಿನಲ್ಲಿ 45 ಕೋಟಿಗೂ ಹೆಚ್ಚು. ಮೆಕ್ಸಿಕೊ ಒಂದರಲ್ಲೇ 12 ಕೋಟಿಗೆ ಮೀರಿದ ಜನರಿದ್ದಾರೆ. ಮೆಕ್ಸಿಕೊದಿಂದ ಹಿಡಿದು ದಕ್ಷಿಣದ ತುತ್ತತುದಿಯ ಚಿಲಿ, ಅರ್ಜೆಂಟೀನಗಳವರೆಗೆ ಅಮೆರಿಕ ಖಂಡಗಳ 18 ಸ್ವತಂತ್ರ ರಾಷ್ಟ್ರಗಳು, ಯೂರೋಪಿನಲ್ಲಿ ಸ್ಪೇನ್, ಆಫ್ರಿಕದಲ್ಲಿ 1968ರಲ್ಲಿ ಸ್ವತಂತ್ರವಾದ ಪುಟ್ಟ ಈಕ್ವಟೋರಿಯಲ್ ಗಿನಿ, ಹೀಗೆ ಒಟ್ಟು 20 ರಾಷ್ಟ್ರಗಳ ಆಡಳಿತ ನಡೆಯುವುದು ಈ ಭಾಷೆಯಲ್ಲಿ. ಆ ದೇಶಗಳ ಪಟ್ಟಿಯನ್ನೂ ರಾಜಧಾನಿಗಳನ್ನೂ ಇಲ್ಲಿ ಒಪ್ಪಿಸುವ ಉದ್ದೇಶ ನಮಗಿಲ್ಲ. ಅದಕ್ಕೆ ಅಟ್ಲಾಸ್ ಇದೆ. ಮೈಸೂರಿನಲ್ಲಿ ಕುಳಿತ ನಮಗೂ ಆ ದೂರದ ದೇಶಗಳಿಗೂ ಏನು ಸಂಬಂಧ ಎಂಬ ಪ್ರಶ್ನೆಯಿಂದ ಆರಂಭಿಸೋಣ.

ನಮ್ಮೂರಿನ ಹೆಸರು ಹೊತ್ತ ಮೈಸೂರು ಮಸಾಲೆದೋಸೆಯನ್ನೇ ತೆಗೆದುಕೊಳ್ಳಿ. ಹಿಟ್ಟಿನಲ್ಲಿರುವ ಅಕ್ಕಿ, ಉದ್ದು ನಮ್ಮವೇ. ಆದರೆ ಒಳಗೆ ಸವರುವ ಕೆಂಪು ಚಟ್ನಿಯ ಮೆಣಸಿನಕಾಯಿಯ ತವರು ಮೆಕ್ಸಿಕೊ. ಪಲ್ಯದ ಆಲೂಗಡ್ಡೆಯ ತವರು ಪೆರು ಮತ್ತು ಬೊಲಿವಿಯಗಳ ನಡುವಿನ ಆಂಡಿಸ್ ಪರ್ವತಗಳು. ಚಟ್ನಿಗೆ ಕಡಲೆಕಾಯಿ ಬೀಜ ಹಾಕುವವರಿದ್ದರೆ ಅದೂ ದಕ್ಷಿಣ ಅಮೆರಿಕದ್ದೇ. ಇನ್ನು ತರಕಾರಿ ಅಂಗಡಿಗೆ ಬಂದರೆ ಟೊಮ್ಯಾಟೊ, ಮುಸುಕಿನ ಜೋಳ, ಪಕ್ಕದ ಹಣ್ಣಿನ ಅಂಗಡಿಯಲ್ಲಿ ಪರಂಗಿ, ಸೀಬೆ, ಸಪೋಟ. ಇವೆಲ್ಲ ಐನೂರು ವರ್ಷಗಳ ಹಿಂದೆ ಕನ್ನಡ ನಾಡಿನ ಯಾವ ಅಡುಗೆಮನೆಯಲ್ಲಿಯೂ ಇರಲಿಲ್ಲ. ಹಾಸನದ ಆಲೂಗಡ್ಡೆ, ಬ್ಯಾಡಗಿಯ ಮೆಣಸಿನಕಾಯಿ, ಹುಣಸೂರಿನ ಹೊಗೆಸೊಪ್ಪು ಎಂದು ಊರಿನ ಹೆಸರು ಅಂಟಿಸಿಕೊಂಡು ನಮ್ಮವೇ ಆಗಿಹೋಗಿರುವ ಈ ಬೆಳೆಗಳು ಹಡಗು ಹತ್ತಿ ಬಂದವು.

ಮೆಣಸಿನಕಾಯಿಯ ಕಥೆಯಂತೂ ಸ್ವಾರಸ್ಯವಾದುದು. 1492ರಲ್ಲಿ ಕೊಲಂಬಸ್ ಸ್ಪೇನಿನಿಂದ ಪಶ್ಚಿಮಕ್ಕೆ ಹೊರಟದ್ದು ಏಷ್ಯಾದ ಚಿನ್ನ ಮತ್ತು ಸಂಬಾರ ಪದಾರ್ಥಗಳನ್ನು ಹುಡುಕಿಕೊಂಡು. ಆ ಸಂಬಾರಗಳಲ್ಲಿ ಮುಖ್ಯವಾದುದು ನಮ್ಮ ಪಶ್ಚಿಮಘಟ್ಟದ ಮೆಣಸು. ಅವನು ಮುಟ್ಟಿದ್ದು ಕೆರಿಬಿಯನ್ ದ್ವೀಪಗಳನ್ನು. ಅಲ್ಲಿ ಸಿಕ್ಕಿದ್ದು ಮೆಣಸಲ್ಲ, ನಾಲಗೆ ಸುಡುವ ಬೇರೊಂದು ಕಾಯಿ. ಸ್ಪ್ಯಾನಿಷಿನಲ್ಲಿ ಮೆಣಸಿಗೆ ‘ಪಿಮಿಯೆಂತ’ ಎನ್ನುತ್ತಾರೆ. ಹೊಸ ಕಾಯಿಗೆ ಅವರು ಅದೇ ಹೆಸರನ್ನು ಸ್ವಲ್ಪ ತಿರುಗಿಸಿ ‘ಪಿಮಿಯೆಂತೊ’ ಎಂದು ಕರೆದರು. ಇತ್ತ ಅದೇ ಕಾಯಿ ನಮ್ಮ ನಾಡಿಗೆ ಬಂದಾಗ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಖಾರ ಎಂದರೆ ಅವರಿಗೆ ಗೊತ್ತಿದ್ದದ್ದು ಮೆಣಸು. ಆದ್ದರಿಂದ ಇದು ‘ಮೆಣಸಿನಕಾಯಿ’ ಆಯಿತು. ಒಬ್ಬರನ್ನೊಬ್ಬರು ಕಾಣದ ಇಬ್ಬರು, ಭೂಮಿಯ ಎರಡು ಬದಿಗಳಲ್ಲಿ, ಒಂದೇ ಬಗೆಯಲ್ಲಿ ಯೋಚಿಸಿ ನಾಮಕರಣ ಮಾಡಿದರು. ಹೊಸದಾಗಿ ಬಂದದ್ದು ಎಷ್ಟು ಪ್ರಬಲವಾಯಿತೆಂದರೆ ಮೂಲದ ಮೆಣಸನ್ನೇ ನಾವು ಈಗ ಕಾಳುಮೆಣಸು, ಕರಿಮೆಣಸು ಎಂದು ವಿಶೇಷಣ ಸೇರಿಸಿ ಗುರುತಿಸಬೇಕಾಗಿದೆ. ಅಂದಹಾಗೆ, ಚಿಲಿ ದೇಶಕ್ಕೂ ಇಂಗ್ಲಿಷಿನ ಚಿಲ್ಲಿಗೂ ನಂಟಿಲ್ಲ. ಖಾರದ ಚಿಲ್ಲಿ ಮೆಕ್ಸಿಕೊದ ನಾವಾಟ್ಲ್ ಭಾಷೆಯ ಮಾತು; ದೇಶದ ಹೆಸರಿನ ಮೂಲವೇ ಬೇರೆ.

ಹಾಗಾದರೆ ಸ್ಪೇನಿನವರು ಇತ್ತ ಬರಲಿಲ್ಲವೇಕೆ? 1494ರ ತೋರ್ದೆಸಿಯಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಎರಡೂ ಅಟ್ಲಾಂಟಿಕ್ ಸಾಗರದಲ್ಲಿ ಒಂದು ಗೆರೆ ಎಳೆದು, ಪಶ್ಚಿಮ ನನಗೆ, ಪೂರ್ವ ನಿನಗೆ ಎಂದು ಹಂಚಿಕೊಂಡವು. ಹಂಚಿಕೊಂಡ ನೆಲದಲ್ಲಿ ಬಾಳುತ್ತಿದ್ದವರನ್ನು ಯಾರೂ ಕೇಳಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ಪೂರ್ವದ ಪಾಲು ಪಡೆದ ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಅಮೆರಿಕದ ಬೆಳೆಗಳು ನಮ್ಮಲ್ಲಿಗೆ ಹೆಚ್ಚಾಗಿ ಬಂದದ್ದು ಅವರ ಕೈಯಿಂದಲೇ. ಫರಂಗಿಯವರು ತಂದ ಹಣ್ಣು ಪರಂಗಿ ಹಣ್ಣಾಯಿತು. ಗೆರೆಯ ಪೂರ್ವಕ್ಕೆ ಚಾಚಿಕೊಂಡಿದ್ದ ಬ್ರೆಜಿಲ್ ಪೋರ್ಚುಗೀಸರ ಪಾಲಿಗೆ ಬಂತು. ಆದ್ದರಿಂದಲೇ ದಕ್ಷಿಣ ಅಮೆರಿಕದ ಆ ಅತಿ ದೊಡ್ಡ ದೇಶದಲ್ಲಿ ಇಂದಿಗೂ ಸ್ಪ್ಯಾನಿಷ್ ಅಲ್ಲ, ಪೋರ್ಚುಗೀಸ್.

ಗೆರೆಯ ಪಶ್ಚಿಮದಲ್ಲಿ ನಡೆದದ್ದು ಘೋರ. 1521ರಲ್ಲಿ, ಅಂದರೆ ನಮ್ಮಲ್ಲಿ ಕೃಷ್ಣದೇವರಾಯ ರಾಯಚೂರು ಯುದ್ಧವನ್ನು ಗೆದ್ದ ಮರುವರ್ಷ, ಕೊರ್ತೆಸ್ ಎಂಬ ಸೇನಾನಿ ಆಜ್ಟೆಕರ ರಾಜಧಾನಿ ತೆನೊಚ್ತಿತ್ಲಾನನ್ನು ವಶಪಡಿಸಿಕೊಂಡ. ಇಂದಿನ ಮೆಕ್ಸಿಕೊ ನಗರ ನಿಂತಿರುವುದು ಅದರ ಅವಶೇಷಗಳ ಮೇಲೆ. 1532ರಲ್ಲಿ ಪಿಸಾರೊ ಪೆರುವಿನ ಇಂಕಾ ಅರಸನನ್ನು ಸೆರೆಹಿಡಿದ. ಬಂದವರು ಕೆಲವೇ ನೂರು ಮಂದಿ. ಇಂಕಾ, ಆಜ್ಟೆಕರ ಮೇಲೆ ಸಿಟ್ಟಿದ್ದ ನೆರೆಯ ಜನ ಅವರ ಜೊತೆಗೂಡಿದರು, ಕುದುರೆ ಮತ್ತು ಉಕ್ಕು ನೆರವಾದವು. ಆದರೆ ಎಲ್ಲಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಬಂದವರ ಮೈಯಲ್ಲಿ ಬಂದ ಸಿಡುಬು. ಆ ರೋಗವನ್ನು ಎಂದೂ ಕಂಡಿರದ ಜನರಲ್ಲಿ ಅದನ್ನು ತಡೆಯುವ ಶಕ್ತಿ ಇರಲಿಲ್ಲ.

ಸಿಡುಬಿನ ಮಾತು ಬಂದದ್ದರಿಂದ ಇಲ್ಲೊಂದು ಮೈಸೂರಿನ ವಿಷಯ ಹೇಳಬೇಕು. 1803ರ ಕೊನೆಯಲ್ಲಿ ಸ್ಪೇನಿನ ವೈದ್ಯ ಬಾಲ್ಮಿಸ್ ಸಿಡುಬಿನ ಲಸಿಕೆಯನ್ನು ಅಮೆರಿಕಕ್ಕೆ ಕೊಂಡೊಯ್ದ. ಶೀತಲ ಪೆಟ್ಟಿಗೆಗಳಿಲ್ಲದ ಕಾಲ. 22 ಮಂದಿ ಅನಾಥ ಬಾಲಕರನ್ನು ಹಡಗಿನಲ್ಲಿ ಕರೆದೊಯ್ದು, ಒಬ್ಬನ ತೋಳಿನಿಂದ ಮತ್ತೊಬ್ಬನ ತೋಳಿಗೆ ದಾಟಿಸುತ್ತ ಲಸಿಕೆಯನ್ನು ಜೀವಂತವಾಗಿಟ್ಟರು. ಆ ಮಕ್ಕಳ ಒಪ್ಪಿಗೆ ಕೇಳಿದವರಾರು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1805ರ ಸುಮಾರಿನಲ್ಲಿ, ಥಾಮಸ್ ಹಿಕಿ ಎಂಬ ಕಲಾವಿದ ಮೂವರು ರಾಜಮನೆತನದ ಸ್ತ್ರೀಯರ ವರ್ಣಚಿತ್ರ ಬರೆದ. ಅವರು ಮೈಸೂರಿನ ರಾಣಿವಾಸದವರೆಂದೂ, ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರುತ್ತಿದ್ದಾರೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಜನರ ಹೆದರಿಕೆ ಹೋಗಲಾಡಿಸಲು ಅರಮನೆಯೇ ಮುಂದೆ ಬಂದಿತ್ತೆಂಬುದು ಇದರ ತಾತ್ಪರ್ಯ.

ಈಗ ಭಾಷೆಗೆ ಬರೋಣ. ಕೊಲಂಬಸ್ ಹೊರಟ 1492ರಲ್ಲೇ ನೆಬ್ರಿಹ ಎಂಬ ಪಂಡಿತ ಸ್ಪ್ಯಾನಿಷ್ ಭಾಷೆಯ ಮೊದಲ ವ್ಯಾಕರಣವನ್ನು ರಾಣಿ ಇಸಾಬೆಲಳಿಗೆ ಅರ್ಪಿಸಿದ. ಸಾಮ್ರಾಜ್ಯದ ಜೊತೆಯಲ್ಲೇ ಭಾಷೆಯೂ ನಡೆಯುತ್ತದೆ ಎಂಬುದು ಅವನ ಮುನ್ನುಡಿಯ ಅಭಿಪ್ರಾಯ. ನಮ್ಮ ಕೇಶಿರಾಜನ ‘ಶಬ್ದಮಣಿದರ್ಪಣ’ ಇದಕ್ಕಿಂತ ಎರಡು ಶತಮಾನಗಳಿಗೂ ಹಿಂದಿನದು, ಆದರೆ ಅದಕ್ಕೆ ಇಂಥ ಗುರಿಯೇನೂ ಇರಲಿಲ್ಲ. ನೆಬ್ರಿಹ ಹೇಳಿದಂತೆಯೇ ಆಯಿತು. ಕೊಲಂಬಸ್ ಮೊದಲು ಕಂಡ ದ್ವೀಪವಾಸಿಗಳು ತೈನೊ ಜನ. ಕೆಲವೇ ತಲೆಮಾರುಗಳಲ್ಲಿ ಅವರ ಭಾಷೆ ಅಳಿಯಿತು. ಆದರೆ ಅವರ ಕೆಲವು ಮಾತುಗಳು ಸ್ಪ್ಯಾನಿಷಿನೊಳಗೆ ಸೇರಿ ಉಳಿದುಕೊಂಡವು. ಗೆಣಸಿಗೆ ಅವರು ‘ಬತಾತ’ ಎನ್ನುತ್ತಿದ್ದರು. ಮಂಗಳೂರಿನ ಕಡೆಯಲ್ಲಿ, ಉತ್ತರ ಕರ್ನಾಟಕದಲ್ಲಿ ಆಲೂಗಡ್ಡೆಗೆ ‘ಬಟಾಟೆ’ ಎನ್ನುವುದನ್ನು ನೀವು ಕೇಳಿರಬಹುದು. ಆಡುವವರಿಲ್ಲದೆ ಹೋದ ಒಂದು ಭಾಷೆಯ ಮಾತು ಪೋರ್ಚುಗೀಸರ ಬಾಯಿ ದಾಟಿ ಕನ್ನಡದ ಬಾಯಲ್ಲಿ ಇನ್ನೂ ಆಡುತ್ತಿದೆ. ತಂಬಾಕು ಎಂಬ ಮಾತೂ ಅದೇ ಭಾಷೆಯಿಂದ ಬಂದದ್ದೆಂದು ಹೇಳುತ್ತಾರೆ.

ಎಲ್ಲ ಭಾಷೆಗಳೂ ಹೀಗೆ ಅಳಿಯಲಿಲ್ಲ. ಇದೇ ನಾವು ಮುಖ್ಯವಾಗಿ ಗಮನಿಸಬೇಕಾದ ಅಂಶ. ಸ್ಪ್ಯಾನಿಷ್ ಲೋಕ ಎಂದು ನಾವು ಕರೆಯುವುದರ ಕೆಳಗೆ ಹಲವು ಲೋಕಗಳು ಉಸಿರಾಡುತ್ತಿವೆ. ಆಜ್ಟೆಕರ ನಾವಾಟ್ಲ್ ಭಾಷೆಯನ್ನು ಮೆಕ್ಸಿಕೊದಲ್ಲಿ ಇಂದಿಗೂ 16 ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ಟೊಮ್ಯಾಟೊ, ಚಾಕೊಲೇಟ್ ಆ ಭಾಷೆಯ ಕೊಡುಗೆ. ನಮ್ಮ ‘ಸಪೋಟ’ ಅದರ ‘ತ್ಸಪೊತ್ಲ್’ ಎಂಬುದರ ರೂಪಾಂತರ. ಇಂಕಾಗಳ ಕೆಚುವ ಭಾಷೆಗೆ ಪೆರು 1975ರಲ್ಲಿ ಅಧಿಕೃತ ಸ್ಥಾನ ಕೊಟ್ಟಿತು. ಬೊಲಿವಿಯದ 2009ರ ಸಂವಿಧಾನ ಸ್ಪ್ಯಾನಿಷಿನ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಹೆಸರಿಸಿದೆ. ಪರಾಗ್ವೆಯ ಸಂಗತಿ ಇನ್ನೂ ವಿಶೇಷ. ಅಲ್ಲಿ ಗ್ವಾರಾನಿ ಭಾಷೆಯನ್ನು ಆಡುವವರಲ್ಲಿ ಬಹುಪಾಲು ಜನ ಮಿಶ್ರ ಮೂಲದವರು; ಅಂದರೆ ಆಳಲು ಬಂದವರ ವಂಶದವರೇ ಆಳಿಸಿಕೊಂಡವರ ಭಾಷೆಯನ್ನು ಮನೆಯ ಮಾತಾಗಿ ಉಳಿಸಿಕೊಂಡಿದ್ದಾರೆ. 1992ರಲ್ಲಿ ಅದು ಸ್ಪ್ಯಾನಿಷಿಗೆ ಸಮನಾದ ಅಧಿಕೃತ ಭಾಷೆಯಾಯಿತು. ಸ್ಪೇನಿನೊಳಗೇ ಕತಲಾನ್, ಬಾಸ್ಕ್, ಗಲಿಷಿಯನ್ ಭಾಷೆಗಳಿವೆ. ಫ್ರಾಂಕೊನ ಸರ್ವಾಧಿಕಾರದಲ್ಲಿ ಅವುಗಳಿಗೆ ಶಾಲೆಯಲ್ಲಿ, ಕಚೇರಿಯಲ್ಲಿ ಜಾಗವಿರಲಿಲ್ಲ. 1978ರ ಸಂವಿಧಾನದ ನಂತರ ತಮ್ಮ ಪ್ರಾಂತಗಳಲ್ಲಿ ಅವು ತಲೆಯೆತ್ತಿ ನಿಂತವು.

ಕನ್ನಡದ ವಿದ್ಯಾರ್ಥಿಗಳಿಗೆ ಇದು ದೂರದ ಸುದ್ದಿ ಎನಿಸಬಾರದು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬರು ತಮ್ಮದೇ ಮಾತನ್ನಾಡುತ್ತಾರೆ. ಅವರ ಮಕ್ಕಳು ಶಾಲೆಗೆ ಬಂದಾಗ ಎದುರಾಗುವ ದೊಡ್ಡ ಭಾಷೆ ಕನ್ನಡ. ಇಂಗ್ಲಿಷಿನ ಮುಂದೆ ನಮಗೆ ಆಗುವ ಕಸಿವಿಸಿ ಕನ್ನಡದ ಮುಂದೆ ಅವರಿಗೆ ಆಗುತ್ತದೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನದ ಕೆಲಸಗಳಲ್ಲಿ ಬುಡಕಟ್ಟು ಭಾಷೆಗಳ ಅಧ್ಯಯನವೂ ಒಂದು. ಪರಾಗ್ವೆಯ ಉದಾಹರಣೆ ಅಲ್ಲಿ ಕೆಲಸ ಮಾಡುವವರಿಗೆ ಮಾತ್ರ ಸಂಬಂಧಿಸಿದ್ದೆಂದು ನನಗೆ ತೋರುವುದಿಲ್ಲ.

ಅದೇ ಕೋಟೆ ತಾಲ್ಲೂಕಿನ ಹೊಲಗಳಲ್ಲಿ ಇತ್ತೀಚೆಗೆ ಮೆಕ್ಸಿಕೊದ ಮತ್ತೊಂದು ಅತಿಥಿ ಕಾಣಿಸಿಕೊಂಡಿದೆ. ಅದು ಚಿಯಾ. ತುಳಸಿಯ ಕುಟುಂಬಕ್ಕೆ ಸೇರಿದ ಗಿಡ. ಬೀಜ ನೀರಿಗೆ ಬಿದ್ದರೆ ಕಾಮಕಸ್ತೂರಿ ಬೀಜದಂತೆ ಲೋಳೆಯಾಗಿ ಉಬ್ಬುತ್ತದೆ. ಆಜ್ಟೆಕ್ ಸಾಮ್ರಾಜ್ಯಕ್ಕೆ ಅಧೀನ ಊರುಗಳಿಂದ ಕಪ್ಪವಾಗಿ ಸಲ್ಲುತ್ತಿದ್ದ ಧಾನ್ಯಗಳಲ್ಲಿ ಇದೂ ಒಂದು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ, ಅಂದರೆ ನಾವೆಲ್ಲ ಕರೆಯುವಂತೆ ಸಿ.ಎಫ್.ಟಿ.ಆರ್.ಐ., ಇದರ ಬೇಸಾಯ ಕ್ರಮವನ್ನು ರೂಪಿಸಿ 2010ರ ದಶಕದಲ್ಲಿ ಮೈಸೂರು, ಚಾಮರಾಜನಗರ ಕಡೆಯ ರೈತರಿಗೆ ತಲುಪಿಸಿತು. ಇದರ ಶಾಸ್ತ್ರೀಯ ಹೆಸರು ಸಾಲ್ವಿಯ ಹಿಸ್ಪಾನಿಕ, ಅಂದರೆ ‘ಸ್ಪೇನಿನ ಸಾಲ್ವಿಯ’. ಗಿಡಕ್ಕೆ ಸ್ಪೇನಿನೊಂದಿಗೆ ಹುಟ್ಟಿನ ಸಂಬಂಧವೇನೂ ಇಲ್ಲ. ಹೆಸರಿಟ್ಟ ಲಿನೀಯಸ್ 1753ರಲ್ಲಿ ಅದನ್ನು ಸ್ಪೇನಿನ ಸಸ್ಯವೆಂದೇ ಭಾವಿಸಿದ್ದ. ಅಮೆರಿಕದ ಸರಕಿಗೆಲ್ಲ ಸ್ಪೇನಿನ ಮೊಹರು ಬೀಳುತ್ತಿದ್ದ ಕಾಲಕ್ಕೆ ಇದೊಂದು ಸಾಕ್ಷಿ.

ಹೂವಿನ ಮಾತು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಆಯುಧಪೂಜೆಯ ದಿನ ಮೈಸೂರಿನಲ್ಲಿ ಚೆಂಡುಹೂವಿನ ಮಾಲೆಯಿಲ್ಲದ ಸೈಕಲ್ ಕೂಡ ಸಿಗುವುದು ಕಷ್ಟ. ಈ ಹೂವಿನ ತವರೂ ಮೆಕ್ಸಿಕೊ. ಅಲ್ಲಿ ಇದರ ಹೆಸರು ‘ಸೆಂಪಾಸೂಚಿಲ್’. ನಾವಾಟ್ಲ್ ಭಾಷೆಯಲ್ಲಿ ‘ಇಪ್ಪತ್ತು ಹೂ’ ಎಂದರ್ಥ. ಆ ಜನ ಹತ್ತರ ಬದಲು ಇಪ್ಪತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದುದರಿಂದ ಅದು ನಮ್ಮ ‘ಸಹಸ್ರದಳ’ ಇದ್ದಂತೆ, ಬಹಳ ಎಸಳಿನದು ಎಂಬ ಭಾವ. ನವೆಂಬರ್ 1 ಮತ್ತು 2ರಂದು ಮೆಕ್ಸಿಕೊದಲ್ಲಿ ಸತ್ತವರ ದಿನ ಆಚರಿಸುತ್ತಾರೆ. ಮನೆಯಲ್ಲಿ ಒಂದು ಪೀಠ ಅಣಿಗೊಳಿಸಿ, ತೀರಿಕೊಂಡವರ ಭಾವಚಿತ್ರ ಇಟ್ಟು, ಅವರಿಗೆ ಇಷ್ಟವಾಗಿದ್ದ ತಿಂಡಿ, ಹಣ್ಣು, ಒಂದು ಲೋಟ ನೀರು ಇಡುತ್ತಾರೆ. ಬಾಗಿಲಿನಿಂದ ಪೀಠದವರೆಗೆ ಚೆಂಡುಹೂವಿನ ಎಸಳುಗಳನ್ನು ಚೆಲ್ಲುತ್ತಾರೆ. ಆ ಬಣ್ಣ, ಆ ವಾಸನೆ ಹಿಡಿದು ಹಿರಿಯರು ಮನೆಗೆ ದಾರಿ ಕಂಡುಕೊಳ್ಳುತ್ತಾರೆಂದು ನಂಬಿಕೆ. ಅಳುವ ಹಬ್ಬವಲ್ಲ ಅದು. ಸಕ್ಕರೆಯಲ್ಲಿ ತಲೆಬುರುಡೆ ಮಾಡಿ ಮಕ್ಕಳಿಗೆ ಹಂಚುತ್ತಾರೆ. ಇದನ್ನು ಓದಿದಾಗ ನಿಮಗೆ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವುದು ನೆನಪಾಗಿರಬೇಕು. ತೀರಿಕೊಂಡ ತಾತನಿಗೆ ಇಷ್ಟವಾದ ಅಡುಗೆಯನ್ನೇ ನಮ್ಮ ಹಳ್ಳಿಗಳಲ್ಲೂ ಬಡಿಸುತ್ತಾರೆ. ಎರಡು ಸಂಪ್ರದಾಯಗಳೂ ಒಂದರಿಂದ ಒಂದು ಹುಟ್ಟಿದ್ದಲ್ಲ. ಹೂವು ಮಾತ್ರ ಅಲ್ಲಿಂದ ಬಂದು ಇಲ್ಲಿ ಮಂಗಳದ ಹೂವಾಯಿತು.

ನಾವು ಕೊಟ್ಟದ್ದೂ ಉಂಟು. 1565ರಿಂದ 1815ರವರೆಗೆ ಸ್ಪೇನಿನ ಹಡಗುಗಳು ಫಿಲಿಪೀನ್ಸಿನ ಮನಿಲಾದಿಂದ ಮೆಕ್ಸಿಕೊದ ಅಕಪುಲ್ಕೊಗೆ ಸಂಚರಿಸುತ್ತಿದ್ದವು. ಆ ದಾರಿಯಲ್ಲಿ ಹೋದ ಮಾವನ್ನು ಮೆಕ್ಸಿಕೊದವರು ಇಂದಿಗೂ ಮನಿಲಾ ಮಾವು ಎನ್ನುತ್ತಾರೆ. ‘ಮಾಂಗೊ’ ಎಂಬ ಮಾತು ಮಲಯಾಳದ ‘ಮಾಙ್ಙ’ದಿಂದ ಹೋದದ್ದು. ಹುಣಸೆಹಣ್ಣಿನ ಪಾನಕ ಅಲ್ಲಿ ಬೀದಿಬೀದಿಯಲ್ಲಿ ಸಿಗುತ್ತದೆ. ಹಡಗುಗಳಲ್ಲಿ ಹಣ್ಣು ಮಾತ್ರವಲ್ಲ, ಮನುಷ್ಯರೂ ಸರಕಾಗಿ ಹೋದರು. ಭಾರತದ ಒಬ್ಬ ಬಾಲಕಿಯನ್ನು ಕಡಲ್ಗಳ್ಳರು ಹಿಡಿದು ಮನಿಲಾದಲ್ಲಿ ಮಾರಿದರು. ಅವಳು ಹದಿನೇಳನೆಯ ಶತಮಾನದಲ್ಲಿ ಮೆಕ್ಸಿಕೊದ ಪುಯೆಬ್ಲ ಊರು ಸೇರಿ, ಕತರೀನ ದೆ ಸಾನ್ ಹುವಾನ್ ಎಂಬ ಹೆಸರಿನಲ್ಲಿ ಬಾಳಿ, 1688ರಲ್ಲಿ ತೀರಿಕೊಂಡಳು. ಊರಿನ ಜನ ಅವಳನ್ನು ಸಂತಳೆಂದು ಪೂಜಿಸತೊಡಗಿದ್ದರು. ಅವಳ ಹುಟ್ಟೂರಿನ ಹೆಸರು ಉಳಿದಿಲ್ಲ.

ಭಾಷೆ ಒಂದೇ ಆದರೂ ಈ ದೇಶಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕ್ಯೂಬದ ಸಂಗೀತದಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದವರ ತಾಳವಿದೆ. ಅರ್ಜೆಂಟೀನದ ಮಾತಿನ ಧಾಟಿಯಲ್ಲಿ ಇಟಲಿಯಿಂದ ವಲಸೆ ಬಂದವರ ರಾಗವಿದೆ. ನಾವು ಮೈಸೂರಿನಲ್ಲಿ ತಿಂಡಿ ಆಯಿತೇ ಎಂದರೆ ಧಾರವಾಡದವರು ನಾಷ್ಟಾ ಆತೇನ್ರಿ ಎನ್ನುವಂತೆ ಅಲ್ಲಿಯೂ ಉಂಟು. ಕ್ಯೂಬದಲ್ಲಿ ‘ಗ್ವಾಗ್ವ’ ಎಂದರೆ ಬಸ್ಸು. ಚಿಲಿಯಲ್ಲಿ ಅದೇ ಮಾತಿಗೆ ಕೈಗೂಸು ಎಂದರ್ಥ. ಕ್ಯೂಬದವನು ಚಿಲಿಗೆ ಹೋಗಿ, ಗ್ವಾಗ್ವ ಹತ್ತಬೇಕು, ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಏನಾದೀತು, ಊಹಿಸಿಕೊಳ್ಳಿ.

ಹೆಸರುಗಳ ವಿಷಯ ಗ್ರಂಥಾಲಯಕ್ಕೆ ಹೋಗುವವರು ತಿಳಿದಿರಬೇಕು. ಸ್ಪ್ಯಾನಿಷ್ ಪದ್ಧತಿಯಲ್ಲಿ ಮಗುವಿಗೆ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು, ಹೀಗೆ ಎರಡು ಮನೆತನದ ಹೆಸರು. 1982ರಲ್ಲಿ ನೊಬೆಲ್ ಪಡೆದ ಕೊಲಂಬಿಯದ ಗಬ್ರಿಯೆಲ್ ಗಾರ್ಸಿಯ ಮಾರ್ಕೆಸ್ ಅವರಲ್ಲಿ ಗಾರ್ಸಿಯ ತಂದೆಯದು, ಮಾರ್ಕೆಸ್ ತಾಯಿಯದು. ಆದ್ದರಿಂದ ಅವರ ಪುಸ್ತಕವನ್ನು ಗಾರ್ಸಿಯ ಎಂಬಲ್ಲಿ ಹುಡುಕಬೇಕು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರಲ್ಲಿ ಊರು ಯಾವುದು, ತಂದೆ ಯಾರು ಎಂದು ಅಲ್ಲಿಯವರಿಗೆ ನಾವು ಬಿಡಿಸಿ ಹೇಳಬೇಕಾಗುವ ಹಾಗೆಯೇ ಇದು.

ಕೊನೆಗೆ, ಸ್ಪ್ಯಾನಿಷ್ ಕಲಿಯಬೇಕೆಂಬ ಆಸೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಇಂಗ್ಲಿಷಿನ ಮೂಲಕ ಕಲಿಯುವವರಿಗಿಲ್ಲದ ಕೆಲವು ಅನುಕೂಲಗಳು ಕನ್ನಡಿಗರಿಗಿವೆ. ‘ಮೆ ಗುಸ್ತ ಎಲ್ ಮಾಂಗೊ’ ಎಂದರೆ ‘ನನಗೆ ಮಾವು ಇಷ್ಟ’. ಇಂಗ್ಲಿಷಿನವರು ‘ನಾನು ಇಷ್ಟಪಡುತ್ತೇನೆ’ ಎಂಬ ಕ್ರಮದಿಂದ ಹೊರಬರಲು ಒದ್ದಾಡುವಲ್ಲಿ, ನೀವು ಶಾಲೆಯಲ್ಲಿ ಕಲಿತ ಚತುರ್ಥಿ ವಿಭಕ್ತಿಯನ್ನು ನೆನೆದರೆ ಸಾಕು. ‘ಕಾಂತೊ’ ಎಂದರೆ ‘ಹಾಡುತ್ತೇನೆ’, ‘ಕಾಂತಾನ್’ ಎಂದರೆ ‘ಹಾಡುತ್ತಾರೆ’. ನಾನು, ಅವರು ಎಂದು ಬೇರೆ ಹೇಳಬೇಕಾಗಿಲ್ಲ, ಕ್ರಿಯಾಪದದ ಕೊನೆಯೇ ಹೇಳುತ್ತದೆ. ನೀನು, ನೀವು ಎಂಬ ಭೇದ ಅಲ್ಲಿಯೂ ಇದೆ. ನಮ್ಮ ಹಳಗನ್ನಡದ ರ ಮತ್ತು ಱ ಬೇರೆಬೇರೆ ಇದ್ದಂತೆ ಅವರಲ್ಲಿ ಎರಡು ರಕಾರಗಳಿವೆ: ‘ಪೆರೊ’ವನ್ನು ಹಗುರವಾಗಿ ಅಂದರೆ ‘ಆದರೆ’, ನಾಲಗೆ ಒತ್ತಿ ಉರುಳಿಸಿದರೆ ‘ನಾಯಿ’. ಕಷ್ಟ ಇರುವುದು ಲಿಂಗದಲ್ಲಿ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಕಾರಣ ಕೇಳುವಂತಿಲ್ಲ, ಬಾಯಿಪಾಠ ಮಾಡಬೇಕು.

ಹಕಾರದ ಕಥೆ ಮಾತ್ರ ಮೈಸೂರು ಮಂಡ್ಯದವರಿಗೆಂದೇ ಮೀಸಲಾದಂತಿದೆ. ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆಯಿತು. ನಮ್ಮ ಹಳ್ಳಿಗಳ ಬಾಯಲ್ಲಿ ಆ ಹಕಾರವೂ ಉದುರಿ ‘ಆಲು’ ಆಗಿದೆ. ಲ್ಯಾಟಿನ್ ಭಾಷೆಯಲ್ಲಿ ಹಿಟ್ಟಿಗೆ ‘ಫರೀನ’ ಎಂದು ಹೆಸರು. ಸ್ಪ್ಯಾನಿಷಿನಲ್ಲಿ ಫಕಾರ ಹಕಾರವಾಗಿ ‘ಹರೀನ’ ಆಯಿತು. ಆಮೇಲೆ ಹಕಾರವೂ ಸದ್ದಿಲ್ಲದೆ ಹೋಗಿ, ಬರೆಯುವಾಗ ಉಳಿದು, ನುಡಿಯುವಾಗ ‘ಅರೀನ’ ಆಗಿದೆ. ಒಂದೇ ವ್ಯತ್ಯಾಸ: ‘ಆಲು’ ಎಂದ ಹುಡುಗನನ್ನು ನಮ್ಮ ತರಗತಿಗಳಲ್ಲಿ ತಿದ್ದುತ್ತಾರೆ, ‘ಹರೀನ’ ಎಂದು ಹಕಾರ ಎಳೆದವನನ್ನು ಅಲ್ಲಿ ತಿದ್ದುತ್ತಾರೆ.